ಉಗುರು ಆಯುಧವೇ?

ಸಂಪಾಜೆಯಲ್ಲಿ ಮಳೆ ಹಿಡಿದರೆ ಕರೆಂಟು ಹೋಗುತ್ತದೆ. ಕರೆಂಟು ಹೋದರೆ ಬೆಂಗಳೂರಿನಿಂದ ಬಂದ ಹುಡುಗರೂ ಜಗಲಿಗೆ ಬರುತ್ತಾರೆ. ಹಾಗೆ ಬಂದ ಅಳಿಯನೂ ಅವನ ಗೆಳೆಯರೂ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡಲು ಕೂತರು. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತಾಡುವುದು, ಗೆಲುವು ಸೋಲಿಗೆ ದಾಳ ಉರುಳಿಸುವುದು. ತಾಳಮದ್ದಳೆಗೆ ದಾಳ ಸೇರಿಸಿದಂತೆ ಅಂದುಕೊಳ್ಳಿ. ಅಳಿಯನದು ತಬಾಕ್ಸಿ ಕುಲದ, ಬೆಕ್ಕಿನ ಮೈಯ ಸನ್ಯಾಸಿ. ಬರಿಗೈ ಕಾಳಗವೇ ಆ ಸನ್ಯಾಸಿಯ ವಿದ್ಯೆ.

ಜಗಳ ಎದ್ದದ್ದು ಉಗುರಿನ ಮೇಲೆ. “ಮಾವ, ನೀವೇ ಹೇಳಿ. ಉಗುರಿಗೊಂದು ದಾಳ, ವಿದ್ಯೆಗೊಂದು ದಾಳ ಕೊಡಬೇಕಲ್ವಾ?” ಎಂದ. ಉಗುರಿರುವವನು ಬರಿಗೈಯವನೇ ಅಲ್ಲ ಎಂದು ಎದುರಿನವನ ವಾದ.

ನಗು ಬಂತು, ಆದರೆ ಪ್ರಶ್ನೆ ಹಳೆಯದು. ಹಿರಣ್ಯಕಶಿಪು ಬೇಡಿದ ವರದಲ್ಲಿ ಪ್ರಾಣವಿದ್ದದ್ದರಿಂದಲೂ ಇಲ್ಲದ್ದರಿಂದಲೂ ಸಾವು ಬರಬಾರದೆಂಬ ಮಾತಿದೆ. ಕೊನೆಗೆ ಹೊಸ್ತಿಲ ಮೇಲೆ ಅವನನ್ನು ಸೀಳಿದ್ದು ಉಗುರು; ಅದು ಬುಡದಲ್ಲಿ ಜೀವಂತ, ತುದಿಯಲ್ಲಿ ನಿರ್ಜೀವ. ಹೊಸ್ತಿಲು ಒಳಗೂ ಅಲ್ಲ, ಹೊರಗೂ ಅಲ್ಲ. (ಅರ್ಧ ದಕ್ಷಿಣ ಕನ್ನಡಕ್ಕೆ, ಅರ್ಧ ಕೊಡಗಿಗೆ ಸೇರಿದ ಸಂಪಾಜೆಯವರಿಗೆ ಇದು ಬೇಗ ಅರ್ಥವಾಗುತ್ತದೆ.) ಇದನ್ನು ವಕೀಲಿ ಜಾಣತನವಾಗಿ ಬೆಳೆಸುವ ಅರ್ಥಧಾರಿಗಳನ್ನು ಕೇಳಿದ್ದೇನೆ. ನನಗದು ರುಚಿಸುವುದಿಲ್ಲ. ದೈತ್ಯ ಲೆಕ್ಕ ಹಾಕಿದ್ದು ಎದುರಾಳಿ ಕೈಗೆತ್ತಿಕೊಳ್ಳಬಹುದಾದ್ದನ್ನು. ಕೈಯನ್ನೇ ಅವನು ಲೆಕ್ಕಕ್ಕೆ ಹಿಡಿಯಲಿಲ್ಲ.

ಕೆಳಗಿಡಲು ಬರುವುದು ಆಯುಧ, ಬಾರದ್ದು ಮೈ. ನನ್ನ ಅಳತೆಗೋಲು ಇಷ್ಟೇ. ಮೈಸೂರು ದಸರೆಯ ವಜ್ರಮುಷ್ಟಿ ಕಾಳಗದಲ್ಲಿ ಜಟ್ಟಿಗಳು ಬೆರಳುಗಳಿಗೆ ಮುಳ್ಳಿನ ಮುಷ್ಟಿ ತೊಟ್ಟು ಎದುರಾಳಿಯ ತಲೆಗೆ ಗುರಿಯಿಡುತ್ತಾರೆ. ನೆತ್ತರ ಹನಿ ಕಂಡೊಡನೆ ಕಾಳಗ ಮುಗಿಯುತ್ತದೆ, ಮುಷ್ಟಿ ಕಳಚುತ್ತದೆ. 1659ರಲ್ಲಿ ಪ್ರತಾಪಗಡದ ಬುಡದಲ್ಲಿ ಅಫ್ಜಲ್ ಖಾನನ ಮೇಲೆ ಶಿವಾಜಿ ಬಳಸಿದನೆನ್ನುವ ವ್ಯಾಘ್ರನಖ ಉಕ್ಕಿನದು, ಅದೂ ತೊಟ್ಟು ತೆಗೆಯುವಂಥದು. ಇವೆರಡೂ ಆಯುಧಗಳು; ವ್ಯಾಘ್ರನಖವಂತೂ ಉಗುರನ್ನೇ ಅನುಕರಿಸುವಂಥದು. ಉಗುರೇ ಆಯುಧವಾಗಿದ್ದರೆ ಅನುಕರಣೆಗೆ ಉಕ್ಕು ಕಾಯಿಸುವ ಕಷ್ಟ ಯಾಕೆ? ಮನುಷ್ಯನ ಹಲ್ಲು ಆಗಿನ ಭಾರತೀಯ ದಂಡ ಸಂಹಿತೆಯ 326ನೇ ಕಲಮಿನ ಅರ್ಥದಲ್ಲಿ ಮಾರಕಾಯುಧವಲ್ಲವೆಂದು 2004ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ.

ಕಚ್ಚಿಸಿಕೊಂಡವನಿಗೆ ಈ ವ್ಯತ್ಯಾಸದಿಂದ ಏನು ಸುಖ ಎನ್ನಬಹುದು. ಸರಿಯೇ. ಗಾಯದ ಬಗೆ ಬೇರೆ, ಅದನ್ನು ಒಪ್ಪಲೇಬೇಕು. ಆಟದ ನಿಯಮ ಮಾಡಿದವರು ಅದನ್ನು ಒಪ್ಪಿದ್ದಾರೆ ಕೂಡ. 2016ರಲ್ಲಿ ತಬಾಕ್ಸಿಯನ್ನು ಐದನೇ ಆವೃತ್ತಿಗೆ ತಂದಾಗ ಅವರು ಉಗುರಿನ ಹೊಡೆತವನ್ನು ಬರಿಗೈ ಹೊಡೆತವೆಂದೇ ಕರೆದರು, ಗಾಯವನ್ನು ಮಾತ್ರ ಸೀಳುಗಾಯ ಮಾಡಿದರು. ಉಗುರಿಗೆ ನಾಲ್ಕು ಮುಖದ ದಾಳ. 2014ರ ನಿಯಮಪುಸ್ತಕದಲ್ಲಿ ಮೊದಲ ಮೆಟ್ಟಿಲ ಸನ್ಯಾಸಿಗೂ ನಾಲ್ಕು ಮುಖದ್ದೇ; 17ನೇ ಮೆಟ್ಟಿಲಿಗೆ ಅದು ಹತ್ತು ಮುಖವಾಗುತ್ತದೆ. ಬೆಳೆಯುವುದು ವಿದ್ಯೆ, ಉಗುರಲ್ಲ. ಒಂದರ ಬದಲಿಗೆ ಇನ್ನೊಂದನ್ನು ಉರುಳಿಸಬಹುದು, ಎರಡನ್ನೂ ಕೂಡಿಸುವಂತಿಲ್ಲ.

ಇದು ಜಿಪುಣತನವಲ್ಲ. ಉಗುರಿಗೆ ಬೇರೆ ದಾಳ ಕೊಟ್ಟರೆ ಹುಟ್ಟಿನಿಂದ ಬಂದದ್ದಕ್ಕೂ ಸಾಧನೆಯಿಂದ ಬಂದದ್ದಕ್ಕೂ ಒಂದೇ ತಕ್ಕಡಿ ಹಿಡಿದಂತೆ. ಹಾಗಾದರೆ ಸನ್ಯಾಸಿ ಯಾಕೆ, ಅಡಿಗೆಮನೆಯ ಬೆಕ್ಕು ಸಾಲದೆ? ಅಳಿಯನಿಗೆ ತೀರ್ಪು ಹಿಡಿಸಲಿಲ್ಲ, ಕರೆಂಟು ಬರುವ ತನಕ ಮಾತಾಡಲಿಲ್ಲ.

ಆಮೇಲೆ ಕೇಳಿದ, “ಹುಲಿಯುಗುರಿನ ಪೆಂಡೆಂಟ್ ಹಾಕಿದವರನ್ನು ಅರಣ್ಯ ಇಲಾಖೆಯವರು ಯಾಕೆ ಹಿಡಿದರು ಮತ್ತೆ?” 2023ರ ಅಕ್ಟೋಬರಿನಲ್ಲಿ ಕರ್ನಾಟಕದಲ್ಲೆಲ್ಲ ಅದೇ ಸುದ್ದಿಯಾಗಿತ್ತು. ಒಳ್ಳೆಯ ಪ್ರಶ್ನೆ. ಹುಲಿಯ ಬೆರಳಲ್ಲಿದ್ದಷ್ಟು ದಿನ ಅದು ಹುಲಿ. ಕಳಚಿ ಕೊರಳಿಗೆ ಬಂದರೆ ವಸ್ತು. ಆಗಲೂ ಆಯುಧವಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಅಪರಾಧದ ಮಾಲು. ಸಾಬೀತಾದರೆ ಕನಿಷ್ಠ 3 ವರ್ಷ ಜೈಲು.