ಹಳೆಯ ಜೀಪಿಗೆ ಇನ್ನೊಂದು ಬೋರಿಂಗ್ ಏಕೆ?

ಮಲೆನಾಡಿನ ಸಣ್ಣ ಬೆಳೆಗಾರನ ಮನೆಯಲ್ಲಿ ಹಳೆಯ ಜೀಪು ಬರೀ ಸವಾರಿಯ ವಾಹನವಲ್ಲ. ಕಾಫಿ ಮೂಟೆ, ಅಡಿಕೆ ಗೊನೆ, ಗೊಬ್ಬರ, ತೋಟದ ಕೆಲಸದವರು, ಮಳೆಗಾಲದ ರಾತ್ರಿ ಆಸ್ಪತ್ರೆ ಸೇರಬೇಕಾದ ರೋಗಿ ಎಲ್ಲಕ್ಕೂ ಅದೇ ಗತಿ. ಆದುದರಿಂದ ಎಂಜಿನ್ ಸೋತಾಗ ಮಾರಿಬಿಡುವ ಮಾತು ಯಾರ ಬಾಯಲ್ಲೂ ಬೇಗ ಬರುವುದಿಲ್ಲ. ಎಂಜಿನ್ ಇಳಿಸುತ್ತೇವೆ, ಬೋರಿಂಗ್ ಮಾಡಿಸುತ್ತೇವೆ, ಹೊಸ ಪಿಸ್ಟನ್, ಹೊಸ ರಿಂಗು ಹಾಕಿಸುತ್ತೇವೆ. ಕೆಲವು ವರ್ಷ ಕಳೆದರೆ ಮತ್ತೆ ಅದೇ ನೀಲಿ ಹೊಗೆ, ಮತ್ತೆ ಅದೇ ಖರ್ಚು.

ಹೀಗೆ ದುರಸ್ತಿ ಮಾಡಿಸುವುದೇ ದಂಡ ಎನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ಹೊಸ ವಾಹನದ ಸಾಲ ಹೊರುವುದಕ್ಕಿಂತ, ಊರಿನ ಮೆಕ್ಯಾನಿಕ್ಕನಿಗೆ ಕೈವಶವಾಗಿರುವ ಯಂತ್ರವನ್ನು ಉಳಿಸಿಕೊಳ್ಳುವುದು ಸಣ್ಣ ಹಿಡುವಳಿದಾರನಿಗೆ ಎಷ್ಟೋ ಸಲ ಜಾಣತನವೇ ಸರಿ. ಆದರೆ ಹಿಂದಿನ ಸಲ ಮಾಡಿಸಿದ ಎಂಜಿನ್ ಏಕೆ ಸವೆಯಿತು ಎಂಬ ಪ್ರಶ್ನೆಗೆ ಉತ್ತರ ಸಿಗದೆ ಇನ್ನೊಮ್ಮೆ ಅದನ್ನು ಇಳಿಸಕೂಡದು. ಈ ಲೇಖನದ ವಾದ ಇಷ್ಟೇ.

ಮೊದಲನೆಯದಾಗಿ, ಎಂಜಿನ್ನಿನ ಬ್ಲಾಕು ಅಕ್ಷಯ ಪಾತ್ರೆಯಲ್ಲ. ನಮ್ಮ ಕಡೆ ಉಳಿದಿರುವ ಹಳೆಯ ಪೆಟ್ರೋಲ್ ಜೀಪುಗಳ ಎಂಜಿನ್ ವಿಲ್ಲಿಸ್ ವಂಶದ್ದು. ಸಿಲಿಂಡರಿನ ಅಡ್ಡಳತೆ ಸುಮಾರು 79.4 ಮಿಲಿಮೀಟರ್, ನಾಲ್ಕು ಸಿಲಿಂಡರ್ ಸೇರಿ ಸುಮಾರು 2,200 ಸಿ.ಸಿ. ಲೇತಿನವರು 20 ಥೌ ಎಂದರೆ ಅಡ್ಡಳತೆಯಲ್ಲಿ ಅರ್ಧ ಮಿಲಿಮೀಟರ್ ಹೆಚ್ಚುತ್ತದೆ. ಮುಂದಿನ ಸಲ 40 ಥೌ. ಹೀಗೆ ಪ್ರತಿ ಬೋರಿಂಗಿಗೂ ಸಿಲಿಂಡರಿನ ಗೋಡೆ ತೆಳುವಾಗುತ್ತ ಹೋಗಿ, ಕಡೆಗೆ ಸ್ಲೀವ್ ಹಾಕಿಸುವುದೊಂದೇ ದಾರಿ ಉಳಿಯುತ್ತದೆ. ಕ್ರಾಂಕಿನದೂ ಅದೇ ಕಥೆ: ಅದನ್ನು ಉಜ್ಜಿಸಿದಷ್ಟೂ ಸಣ್ಣದಾಗುತ್ತದೆ, ಅದಕ್ಕೆ ತಕ್ಕ ಬೇರಿಂಗು ಹುಡುಕಬೇಕಾಗುತ್ತದೆ. ಬೋರಿಂಗ್ ಆದಷ್ಟೂ ಎಳೆತ ಹೆಚ್ಚುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. 40 ಥೌ ಬೋರಿಂಗಿನಿಂದ ಈ ಎಂಜಿನ್ನಿನ ಗಾತ್ರ ಹೆಚ್ಚುವುದು ನೂರಕ್ಕೆ ಎರಡೂವರೆ ಪಾಲು ಮಾತ್ರ. ಬೋರಿಂಗ್ ಆದ ಮೇಲೆ ಕಾಣುವ ಹೊಸ ಹುರುಪು ಕಳೆದುಹೋಗಿದ್ದ ಕಂಪ್ರೆಶನ್ ಮರಳಿ ಬಂದುದರ ಫಲ.

ಹಾಗಾದರೆ ಸವೆತ ಏಕೆ? ನಮ್ಮ ತೋಟಗಳಲ್ಲಿ ಮೊದಲ ಶತ್ರು ಧೂಳು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದ ರಸ್ತೆಯ ಕೆಂಪು ಧೂಳು ಏರ್ ಕ್ಲೀನರ್ ದಾಟಿ ಒಳಹೊಕ್ಕರೆ, ಎಣ್ಣೆಯೊಡನೆ ಬೆರೆತು ಉಪ್ಪುಕಾಗದದಂತೆ ಸಿಲಿಂಡರನ್ನು ತಿನ್ನುತ್ತದೆ. ಹಳೆಯ ಜೀಪಿನ ಏರ್ ಕ್ಲೀನರಿನ ತಳದಲ್ಲಿ ಎಣ್ಣೆ ಇರಬೇಕು, ಗುರುತಿನವರೆಗೆ ಇರಬೇಕು, ಅದು ಕೆಸರಾದಾಗ ಚೆಲ್ಲಿ ತೊಳೆಯಬೇಕು. ಕ್ಲೀನರಿನಿಂದ ಕಾರ್ಬ್ಯುರೇಟರಿಗೆ ಹೋಗುವ ರಬ್ಬರ್ ಕೊಳವೆ ಬಿರುಕು ಬಿಟ್ಟಿದ್ದರೆ ಕ್ಲೀನರ್ ಇದ್ದೂ ಇಲ್ಲದಂತೆ. ಆ ಬಿರುಕನ್ನು ಹಾಗೆಯೇ ಬಿಟ್ಟು ಬೋರಿಂಗ್ ಮಾಡಿಸುವುದು ಬೇಲಿ ಮುರಿದ ತೋಟಕ್ಕೆ ಹೊಸ ಸಸಿ ನೆಟ್ಟಂತೆ.

ಎರಡನೆಯ ಶತ್ರು ಎಂಜಿನ್ ಬಿಸಿಯಾಗದಿರುವುದು. ಮನೆಯಿಂದ ಕಣಕ್ಕೆ, ಕಣದಿಂದ ರಸ್ತೆಗೆ ಹೋಗಿ ನಿಲ್ಲುವ ಜೀಪು ಸರಿಯಾಗಿ ಕಾಯುವುದೇ ಇಲ್ಲ. ಘಾಟಿಯಲ್ಲಿ ನೀರು ಕುದಿಯುತ್ತದೆಂದು ಥರ್ಮೋಸ್ಟಾಟನ್ನು ಕಿತ್ತೆಸೆದಿದ್ದರಂತೂ ಕೇಳುವುದೇ ಬೇಡ. ಉರಿಯದ ಪೆಟ್ರೋಲು ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆದುಹಾಕುತ್ತದೆ, ತೇವ ಸೇರಿ ಎಣ್ಣೆ ಕೆಸರಾಗುತ್ತದೆ. ನೀರು ಕುದಿಯುತ್ತಿದ್ದರೆ ರೇಡಿಯೇಟರಿನೊಳಗೆ ಕಟ್ಟಿದ ಪಾಚಿಯನ್ನು ತೆಗೆಸಬೇಕು, ಪಂಪು, ಬೆಲ್ಟು ನೋಡಬೇಕು. ಥರ್ಮೋಸ್ಟಾಟ್ ತೆಗೆದರೆ ರೋಗ ಹೋಗುವುದಿಲ್ಲ, ರೋಗದ ಗುರುತು ಮರೆಯಾಗುತ್ತದೆ, ಅಷ್ಟೆ.

ಎಂಜಿನ್ ಇಳಿಸುವ ಮುನ್ನ ಕಂಪ್ರೆಶನ್ ಗೇಜ್ ಹಿಡಿಸಿ ನೋಡುವುದಕ್ಕೆ ಅರ್ಧ ಗಂಟೆ ಸಾಕು. ಎಂಜಿನ್ ಕಾದಿರುವಾಗ ಎಲ್ಲ ಪ್ಲಗ್ಗುಗಳನ್ನೂ ಬಿಚ್ಚಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ, ಸ್ಟಾರ್ಟರ್ ತಿರುಗಿಸಿ ಒಂದೊಂದೇ ಸಿಲಿಂಡರಿನ ಅಳತೆ ಬರೆದುಕೊಳ್ಳಬೇಕು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆಯಬೇಕು. ಅಳತೆ ಏರಿದರೆ ರಿಂಗು, ಸಿಲಿಂಡರ್ ಸವೆದಿವೆ. ಏರದಿದ್ದರೆ ದೋಷ ವಾಲ್ವಿನಲ್ಲಿ. ಅಕ್ಕಪಕ್ಕದ ಎರಡು ಸಿಲಿಂಡರು ಒಟ್ಟಿಗೆ ಸೋತಿದ್ದರೆ ಹೆಡ್ ಗ್ಯಾಸ್ಕೆಟ್ಟನ್ನು ಅನುಮಾನಿಸಬೇಕು. ಬೋರಿಂಗಿಗೆಂದು ಹೊರಟ ಎಷ್ಟೋ ಜೀಪುಗಳಿಗೆ ಬೇಕಾದದ್ದು ವಾಲ್ವು ಕೂರಿಸುವ ಕೆಲಸ ಮಾತ್ರ.

ಇನ್ನು ಮಾರ್ಪಾಡಿನ ಮಾತು. ಎಂಜಿನ್ ಇಳಿಸಿದ್ದೇ ತಡ, ಅಕ್ಕಪಕ್ಕದವರ ಸಲಹೆ ಶುರುವಾಗುತ್ತದೆ. ಹೆಡ್ಡನ್ನು ಉಜ್ಜಿಸಿ ಕಂಪ್ರೆಶನ್ ಏರಿಸಿ, ದೊಡ್ಡ ಕಾರ್ಬ್ಯುರೇಟರ್ ಹಾಕಿಸಿ, ಡೀಸೆಲ್ ಎಂಜಿನ್ ಕೂರಿಸಿಬಿಡಿ, ಹೀಗೆ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ನೆನಪಾಗಬೇಕಾದದ್ದು ಇಲ್ಲಿಯೇ. ತಯಾರಕರು ಎಂಜಿನ್ ಬದಲಿಸುವಾಗ ಏನು ಮಾಡಿದರೆಂದು ನೋಡಿ. ವಿಲ್ಲಿಸಿನವರು ಗಾಳಿ ಒಳಬಿಡುವ ವಾಲ್ವನ್ನು ಬ್ಲಾಕಿನಿಂದ ಹೆಡ್ಡಿಗೆ ಏರಿಸಿದಾಗ ಎಂಜಿನ್ ಎತ್ತರವಾಯಿತು. ಅದಕ್ಕಾಗಿ 1953ರ ಸಿ.ಜೆ. 3ಬಿ ಜೀಪಿನ ಬಾನೆಟ್ಟನ್ನೇ ಎತ್ತರಿಸಿದರು. ಮಹೀಂದ್ರದವರು ಇಲ್ಲಿ ತಯಾರಿಸಿದ್ದು ಅದೇ ಎತ್ತರದ ಮೂತಿಯ ಜೀಪು. 1992ರಲ್ಲಿ ಅಂಬಾಸಡರ್ ಕಾರಿಗೆ ಇಸುಜು 1.8 ಲೀಟರ್ ಎಂಜಿನ್ ಬಂದಾಗ, ಜೊತೆಗೆ ಐದು ಗೇರಿನ ಹೊಸ ಗೇರ್ ಬಾಕ್ಸೂ ಬಂತು. ಕಾರ್ಖಾನೆಯವರೇ ಎಂಜಿನ್ನೊಂದನ್ನೇ ಬದಲಿಸಿ ಕೈ ತೊಳೆದುಕೊಳ್ಳಲಿಲ್ಲ.

ಡೀಸೆಲ್ ಎಂಜಿನ್ ಭಾರ ಹೆಚ್ಚು, ಅದುರುವುದೂ ಹೆಚ್ಚು. ಅದಕ್ಕೆ ದೊಡ್ಡ ಬ್ಯಾಟರಿ ಬೇಕು, ಗಟ್ಟಿಯಾದ ಮೌಂಟಿಂಗ್ ಬೇಕು, ಮುಂದಿನ ಪಟ್ಟಾ ಬಲಪಡಿಸಬೇಕು. ಪೆಟ್ರೋಲ್ ಎಂಜಿನ್ನಿನಷ್ಟು ವೇಗವಾಗಿ ಅದು ತಿರುಗುವುದಿಲ್ಲವಾದ್ದರಿಂದ ಆಕ್ಸಲಿನ ಹಲ್ಲಿನ ಲೆಕ್ಕ ಹಳೆಯದೇ ಇದ್ದರೆ ಬಯಲು ರಸ್ತೆಯಲ್ಲಿ ಜೀಪು ಅರಚುತ್ತ ಹೋಗುತ್ತದೆ, ಮುಂದೆ ಸಾಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಬ್ರೇಕು. ಎಳೆಯುವ ಶಕ್ತಿ ಹೆಚ್ಚಿತೆಂದು ಮೂಟೆ ಹೆಚ್ಚು ಹೇರಿದವನು ಘಾಟಿ ಇಳಿಯುವಾಗ ಹಿಡಿಯಬೇಕಾದದ್ದು ಅದೇ ಹಳೆಯ ಡ್ರಮ್ ಬ್ರೇಕನ್ನು. ಏರಿನಲ್ಲಿ ಉಳಿಸಿದ ಹತ್ತು ನಿಮಿಷಕ್ಕಾಗಿ ಇಳಿಜಾರಿನಲ್ಲಿ ಪ್ರಾಣ ಒತ್ತೆಯಿಡಬೇಕೆ?

ಕಾನೂನೂ ಇದೆ. ಎಂಜಿನ್ ನಂಬರು ಆರ್.ಸಿ. ಪುಸ್ತಕದಲ್ಲಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ಮನಸ್ಸಿಗೆ ಬಂದಂತೆ ವಾಹನ ಮಾರ್ಪಡಿಸುವಂತಿಲ್ಲ. ತಯಾರಕರ ಮೂಲ ವಿವರಣೆಗೆ ವ್ಯತ್ಯಾಸವಾಗುವ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಖಾಸಗಿ ವಾಹನದ ನೋಂದಣಿಯ ಅವಧಿ 15 ವರ್ಷ, ಆಮೇಲೆ ನವೀಕರಣ. ಅನುಮತಿಯಿಲ್ಲದೆ ಎಂಜಿನ್ ಬದಲಿಸಿದವರಿಗೆ ತೊಡಕು ಕಾಣಿಸಿಕೊಳ್ಳುವುದು ನವೀಕರಣದ ದಿನ, ಇಲ್ಲವೇ ಅಪಘಾತವಾಗಿ ವಿಮೆ ಕೇಳುವ ದಿನ. ಆದ್ದರಿಂದ ಆರ್.ಟಿ.ಓ. ಕಚೇರಿಗೆ ಹೋಗುವ ಕೆಲಸ ಗರಾಜಿಗೆ ಹೋಗುವ ಮುಂಚೆಯೇ ಆಗಬೇಕು.

ಹಾಗೆಂದು ಎಲ್ಲ ಬದಲಾವಣೆಯನ್ನೂ ದೂರ ಇಡಬೇಕಿಲ್ಲ. ಇಂಧನ ಬದಲಾಗಿರುವಾಗ ಎಂಜಿನ್ನೂ ಅದಕ್ಕೆ ಹೊಂದಿಕೊಳ್ಳಲೇಬೇಕು. 2000ದ ಫೆಬ್ರವರಿಯಿಂದ ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲು ಇಲ್ಲ. ಹಳೆಯ ಎಂಜಿನ್ನಿನ ಮೆದು ವಾಲ್ವು ಸೀಟಿಗೆ ಆ ಸೀಸವೇ ಮೆತ್ತೆಯಾಗಿತ್ತು. ವಾಲ್ವಿನ ಕೆಲಸ ಮಾಡಿಸುವಾಗ ಗಟ್ಟಿ ಉಕ್ಕಿನ ಸೀಟು ಹಾಕಿಸುವುದು ಸಾರ್ಥಕವಾದ ಖರ್ಚು. 2025ರ ಹೊತ್ತಿಗೆ ಬಂಕಿನ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ನೂರಕ್ಕೆ 20 ಮುಟ್ಟಿದೆ. ಅದು ಹಳೆಯ ರಬ್ಬರ್ ಕೊಳವೆಯನ್ನೂ ಪೆಟ್ರೋಲ್ ಪಂಪಿನ ಡಯಾಫ್ರಮ್ಮನ್ನೂ ಹಾಳುಮಾಡಬಲ್ಲದು, ತೇವವನ್ನು ಹೀರಿಕೊಳ್ಳುತ್ತದೆ. ಎಥನಾಲ್ ತಡೆಯುವ ಕೊಳವೆ ಹಾಕಿಸುವುದು, ಮಳೆಗಾಲದಲ್ಲಿ ಟ್ಯಾಂಕಿನಲ್ಲಿ ಪೆಟ್ರೋಲನ್ನು ತಿಂಗಳುಗಟ್ಟಲೆ ಬಿಡದಿರುವುದು, ಕಾರ್ಬ್ಯುರೇಟರನ್ನು ಹೊಂದಿಸಿಕೊಳ್ಳುವುದು ಇಂದಿನ ಅಗತ್ಯ. ಅಗತ್ಯಕ್ಕಾಗಿ ಮಾಡುವ ಬದಲಾವಣೆ ಬೇರೆ, ಆಸೆಗಾಗಿ ಮಾಡುವುದು ಬೇರೆ.

ಮುದಿ ಕಾಫಿ ಗಿಡವನ್ನು ಬುಡದಿಂದ ಒಂದಡಿ ಮೇಲೆ ಕಡಿದು ಹೊಸ ಚಿಗುರು ಬರಿಸುವುದು ನಮಗೆ ಗೊತ್ತಿದೆ. ಆದರೆ ಬೇರು ಗಟ್ಟಿಯಿರುವ ಗಿಡವನ್ನು ಮಾತ್ರ ಹಾಗೆ ಕಡಿಯುತ್ತೇವೆ. ಬೇರು ಕೊಳೆತದ್ದನ್ನು ಕಿತ್ತು ಹೊಸ ಸಸಿ ನೆಡುತ್ತೇವೆ. ಗಿಡದ ವಿಷಯದಲ್ಲಿ ತೋರುವ ಈ ವಿವೇಕವನ್ನು ಯಂತ್ರಕ್ಕೂ ತೋರಬೇಕು. ಚಾಸಿ ತುಕ್ಕು ಹಿಡಿದು ಬಿರುಕು ಬಿಟ್ಟಿದ್ದರೆ ಎಂಜಿನ್ನಿಗೆ ಹಾಕುವ ಹಣ ನೀರಿಗೆ ಹಾಕಿದಂತೆ. ಚಾಸಿ ಗಟ್ಟಿಯಿದ್ದು ಬ್ಲಾಕಿನಲ್ಲಿ ಅಳತೆ ಉಳಿದಿದ್ದರೆ ಧೈರ್ಯವಾಗಿ ಮಾಡಿಸಿ, ಮೂಲದಲ್ಲಿ ಇದ್ದಂತೆಯೇ ಮಾಡಿಸಿ.

ಕಡೆಯದಾಗಿ ಎರಡು ಸೂಚನೆ. ತೋಟದ ಲೆಕ್ಕದ ಪುಸ್ತಕದಲ್ಲಿ ಜೀಪಿಗೂ ಒಂದು ಪುಟ ಇರಲಿ. ಯಾವ ದಿನ ಎಣ್ಣೆ ಬದಲಿಸಿತು, ಎಷ್ಟು ಎಣ್ಣೆ ಕುಡಿಯಿತು, ಬೋರಿಂಗ್ ಎಷ್ಟು ಥೌ, ಕ್ರಾಂಕು ಎಷ್ಟು ಉಜ್ಜಿದೆ, ಎಲ್ಲವನ್ನೂ ಬರೆದಿಡಬೇಕು. ಮೆಕ್ಯಾನಿಕ್ ಬದಲಾದರೂ ಬರಹ ಉಳಿಯುತ್ತದೆ. ಇನ್ನೊಂದು, ಔಷಧಿ ಹೊಡೆಯುವ ಪಂಪನ್ನು ಸದಸ್ಯರಿಗೆ ಎರವಲು ಕೊಡುವ ಸಹಕಾರ ಸಂಘಗಳು ಒಂದೊಂದು ಕಂಪ್ರೆಶನ್ ಗೇಜನ್ನೂ ಇಟ್ಟುಕೊಳ್ಳಲಿ. ಒಬ್ಬೊಬ್ಬರೂ ಕೊಳ್ಳಬೇಕಾದ ವಸ್ತು ಅದಲ್ಲ, ವರ್ಷಕ್ಕೊಮ್ಮೆ ಎಲ್ಲರಿಗೂ ಬೇಕಾದದ್ದು. ಮುಂದಿನ ಸಭೆಯಲ್ಲಿ ಸದಸ್ಯರು ಈ ವಿಷಯವನ್ನು ಎತ್ತಿ ಕೊಯ್ಲಿಗೆ ಮೊದಲೇ ತೀರ್ಮಾನಿಸಬೇಕೆಂದು ವಿನಂತಿ.