ಲೋಹದ ಏರ್‌ಸಾಫ್ಟ್ ಗನ್ನಿನ ಪೇಂಟ್ ತೆಗೆಯಲು ಟಾಯ್ಲೆಟ್ ಆಸಿಡ್ ಸಾಕೇ?

"ಹತ್ತು ನಿಮಿಷ ಟಾಯ್ಲೆಟ್ ಆಸಿಡ್‌ನಲ್ಲಿ ಅದ್ದಿಡಿ, ಪೇಂಟ್ ಪೂರ್ತಿ ಕಿತ್ತು ಬರುತ್ತದೆ" ಎನ್ನುವ ತರಹದ ವಿಡಿಯೋಗಳು ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುತ್ತವೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆ ಕಡೆಯ ಓದುಗರೊಬ್ಬರು ಅಂಥದ್ದೊಂದನ್ನು ನಮಗೆ ಕಳಿಸಿದ್ದರು. ಮಗನ ಬಳಿ ಲೋಹದ ಏರ್‌ಸಾಫ್ಟ್ ಪಿಸ್ತೂಲಿದೆ, ಹಳೆ ಬಣ್ಣ ತೆಗೆದು ಹೊಸದು ಹೊಡೆಯಬೇಕಂತೆ, ಇದನ್ನು ನಂಬಬಹುದೇ ಎಂಬುದು ಅವರ ಪ್ರಶ್ನೆ.

ಪೇಂಟ್ ಏಳುವುದೇನೋ ನಿಜ. ಆದರೆ ಆಸಿಡ್ ಅಲ್ಲಿ ಕರಗಿಸುತ್ತಿರುವುದು ಪೇಂಟನ್ನಲ್ಲ, ಅದರ ಕೆಳಗಿನ ಲೋಹವನ್ನು.

ಏರ್‌ಸಾಫ್ಟ್ ಎಂದರೆ 6 ಮಿಲಿಮೀಟರ್‌ನ ಪ್ಲಾಸ್ಟಿಕ್ ಗುಂಡು ಹಾರಿಸುವ, ನೋಡಲು ನಿಜವಾದ ಬಂದೂಕಿನಂತೆಯೇ ಇರುವ ಆಟದ ಗನ್. 'ಫುಲ್ ಮೆಟಲ್' ಎಂದು ಮಾರುವ ಬಹಳಷ್ಟು ಗನ್ನುಗಳ ಮೈ ಉಕ್ಕಿನದ್ದಲ್ಲ, ಅಚ್ಚಿಗೆ ಸುರಿದ ಸತುವಿನ ಮಿಶ್ರಲೋಹ ಅಥವಾ ಅಲ್ಯೂಮಿನಿಯಂ. ಇಡೀ ವಿಷಯ ನಿಂತಿರುವುದು ಇದರ ಮೇಲೆಯೇ.

ಯಾವ ದ್ರಾವಣ ಯಾವ ಲೋಹಕ್ಕೆ ಆಗಿಬರುತ್ತದೆ ಎಂಬುದನ್ನು ಮಲೆನಾಡಿನ ಅಡಿಕೆ ಬೆಳೆಗಾರರಿಗೆ ನಾವು ಹೇಳಿಕೊಡಬೇಕಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಯಾರೂ ಕರಗಿಸುವುದಿಲ್ಲ. ದ್ರಾವಣ ಸಿದ್ಧವಾದ ಮೇಲೆ ಹೊಳೆಯುವ ಚಾಕು ಅದ್ದಿ ನೋಡುತ್ತಾರೆ. ಅಲಗಿಗೆ ಕೆಂಪು ತಾಮ್ರ ಹತ್ತಿದರೆ ಇನ್ನೂ ಹುಳಿ ಇದೆ, ಸುಣ್ಣ ಸಾಲದು ಎಂದರ್ಥ. ಗನ್ನಿಗೂ ಇಷ್ಟೇ ಎಚ್ಚರ ಬೇಕು. ಮೊದಲು ಒಂದು ಅಯಸ್ಕಾಂತ ತನ್ನಿ. ಅಂಟಿದರೆ ಆ ಭಾಗ ಕಬ್ಬಿಣ ಅಥವಾ ಉಕ್ಕು. ಅಂಟದೆ ಕೈಗೆ ಭಾರ ಎನಿಸಿದರೆ ಹೆಚ್ಚಾಗಿ ಸತು, ಹಗುರ ಎನಿಸಿದರೆ ಅಲ್ಯೂಮಿನಿಯಂ. ಒಂದೇ ಗಾತ್ರಕ್ಕೆ ಸತು ಸುಮಾರು ಎರಡೂವರೆ ಪಟ್ಟು ತೂಗುತ್ತದೆ.

ಟಾಯ್ಲೆಟ್ ಕ್ಲೀನರ್‌ನಲ್ಲಿ ಸಾಮಾನ್ಯವಾಗಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ಒಣಗಿದ ಪೇಂಟಿಗೆ ಅದರಿಂದ ದೊಡ್ಡ ತೊಂದರೆಯಿಲ್ಲ. ಗೀರು, ಅಂಚುಗಳಿಂದ ಒಳಹೊಕ್ಕು ಸತುವನ್ನು ತಿನ್ನುತ್ತದೆ, ಹೈಡ್ರೋಜನ್ ಅನಿಲದ ಗುಳ್ಳೆ ಎದ್ದು ಪೇಂಟಿನ ಪದರವನ್ನು ಮೇಲೆತ್ತುತ್ತದೆ. ವಿಡಿಯೋದಲ್ಲಿ ಮ್ಯಾಜಿಕ್‌ನಂತೆ ಕಾಣುವ ನೊರೆ ಇದೇ. ತೊಳೆದು ನೋಡಿದರೆ ಮೈಯೆಲ್ಲ ಸಣ್ಣ ಗುಳಿ. ಇನ್ನೂ ಬೇಗ ಆಗಲಿ ಎಂದು ಬ್ಲೀಚ್ ಬೆರೆಸಿದರಂತೂ ಕ್ಲೋರಿನ್ ಅನಿಲ ಏಳುತ್ತದೆ, ಅದು ಶ್ವಾಸಕೋಶವನ್ನು ಸುಡುವ ವಿಷ.

ಕಾಸ್ಟಿಕ್ ಸೋಡಾದ ಕಥೆ ಸ್ವಲ್ಪ ಬೇರೆ. ಎಣ್ಣೆ ಆಧಾರಿತ ಎನಾಮೆಲ್ ಪೇಂಟನ್ನು ಅದು ಸೋಪಾಗಿ ಮಾರ್ಪಡಿಸುತ್ತದೆ, ಹಾಗಾಗಿ ಹಳೆ ಕಬ್ಬಿಣದ ಗೇಟಿಗೆ ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ಅಲ್ಯೂಮಿನಿಯಂ, ಸತು ಎರಡೂ ಅದರಲ್ಲಿ ಕರಗುತ್ತವೆ. ಗೇಟಿಗೆ ಸರಿಹೋದ ಸಲಹೆ ಫಾರ್ವರ್ಡ್ ಆಗುತ್ತಾ ಆಗುತ್ತಾ 'ಎಲ್ಲ ಲೋಹಕ್ಕೂ' ಆಗಿಬಿಡುತ್ತದೆ.

ಅಸಿಟೋನ್, ಅಂದರೆ ನೇಲ್ ಪಾಲಿಶ್ ತೆಗೆಯುವ ದ್ರವ, ಲೋಹವನ್ನು ಮುಟ್ಟುವುದಿಲ್ಲ. ಸ್ಪ್ರೇ ಪೇಂಟ್ ಮೆದುವಾಗುತ್ತದೆ, ಪೌಡರ್ ಕೋಟಿಂಗ್ ಸುಲಭಕ್ಕೆ ಜಗ್ಗುವುದಿಲ್ಲ, ಹಿಡಿಯಲ್ಲಿರುವ ಎಬಿಎಸ್ ಪ್ಲಾಸ್ಟಿಕ್ ಮಾತ್ರ ಕರಗಿಹೋಗುತ್ತದೆ! ಅದರ ಆವಿಗೆ ಬೆಂಕಿ ಹತ್ತುವುದು ಬಹಳ ಸುಲಭ. ಸೌದೆ ಒಲೆ, ಬಚ್ಚಲ ಹಂಡೆಯ ಬೆಂಕಿ ಇರುವ ಮನೆಯೊಳಗೆ ಅದರ ಡಬ್ಬಿ ತೆರೆಯಲೇಬಾರದು.

ಇವೆಲ್ಲಕ್ಕಿಂತ ನಮಗೆ ಭಯ ಹುಟ್ಟಿಸುವುದು 'ಪೇಂಟ್ ರಿಮೂವರ್' ಹೆಸರಿನ ಕೆಲವು ಡಬ್ಬಿಗಳಲ್ಲಿರುವ ಮೆಥಿಲೀನ್ ಕ್ಲೋರೈಡ್. ಇದರ ಆವಿ ಗಾಳಿಗಿಂತ ಭಾರ, ಕೆಳಗೇ ತುಂಬಿಕೊಳ್ಳುತ್ತದೆ. ದೇಹದೊಳಗೆ ಹೋದದ್ದರಲ್ಲಿ ಒಂದು ಪಾಲು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಅಮೆರಿಕದಲ್ಲಿ ಸ್ನಾನದ ಟಬ್ಬಿನ ಪೇಂಟ್ ತೆಗೆಯುತ್ತಿದ್ದ ಕೆಲಸಗಾರರು ಟಬ್ಬಿಗೆ ಬಾಗಿದಲ್ಲೇ ಸತ್ತ ಪ್ರಕರಣಗಳಿವೆ. ಇದರಿಂದ 1980ರ ನಂತರ ಕನಿಷ್ಠ 85 ಮಂದಿ ಸತ್ತಿದ್ದಾರೆ ಎನ್ನುತ್ತದೆ ಅಲ್ಲಿನ ಪರಿಸರ ಸಂಸ್ಥೆ. 2019ರಲ್ಲಿ ಅದು ಮನೆಬಳಕೆಯ ಪೇಂಟ್ ರಿಮೂವರ್‌ನಲ್ಲಿ ಇದನ್ನು ನಿಷೇಧಿಸಿತು. ಆಟಿ ಮಳೆ, ಕಿಟಕಿ ಬಾಗಿಲು ಮುಚ್ಚಿದ ಬಚ್ಚಲುಮನೆ, ನೆಲದಲ್ಲಿ ಬಕೆಟ್, ಅದರ ಮೇಲೆ ಬಾಗಿ ಕೂತ ಹುಡುಗ: ಪರಿಸ್ಥಿತಿ ಬೇರೆಯೇನಲ್ಲ. ಡಬ್ಬಿಯ ಮೇಲಿನ ಸಣ್ಣಕ್ಷರಗಳಲ್ಲಿ ಮೆಥಿಲೀನ್ ಕ್ಲೋರೈಡ್ ಅಥವಾ ಡೈಕ್ಲೋರೋಮೀಥೇನ್ ಎಂಬ ಹೆಸರಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಗ್ಯಾಸ್ ಒಲೆಯಲ್ಲಿ ಸುಟ್ಟು ತೆಗೆಯುವುದೂ ಬೇಡ. ಈ ಸತುವಿನ ಮಿಶ್ರಲೋಹ 400 ಡಿಗ್ರಿ ಸೆಲ್ಸಿಯಸ್‌ಗೂ ಮೊದಲೇ ಕರಗುತ್ತದೆ. ಗ್ಯಾಸ್ ತುಂಬಿದ ಮ್ಯಾಗಜೀನ್ ಬಿಸಿಯಾದರೆ ಸಿಡಿಯಬಹುದು.

ಒಣ ಸ್ಯಾಂಡ್‌ಪೇಪರ್ ತಿಕ್ಕಿದರೆ ರಾಸಾಯನಿಕದ ಗೋಜಿಲ್ಲ ಎನಿಸಬಹುದು. ಆದರೆ ಹಾರುವ ಧೂಳಿನಲ್ಲಿ ಸೀಸ ಇದ್ದರೆ? ನಮ್ಮಲ್ಲಿ ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದು ಕೈಗಾರಿಕಾ ಪೇಂಟಿಗೆ ಅನ್ವಯಿಸುವುದಿಲ್ಲ. ಹೊರದೇಶದಿಂದ ಬಂದ ಗನ್ನಿಗೆ ಯಾವ ಪೇಂಟ್ ಹೊಡೆದಿದ್ದಾರೋ ನೋಡಿ ಹೇಳಲಾಗದು. ಸೀಸ ಮಕ್ಕಳ ಮಿದುಳಿಗೆ ಮಾಡುವ ಹಾನಿಯ ಬಗ್ಗೆ ದೇಶದಲ್ಲಿ ಮೊದಲು ದೊಡ್ಡ ದನಿಯಲ್ಲಿ ಎಚ್ಚರಿಸಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಪ್ರಮುಖರು. ತಿಕ್ಕಲೇಬೇಕಾದರೆ ನೀರು ಹಾಕಿ, ವಾಟರ್ ಪೇಪರ್‌ನಲ್ಲಿ, ಮನೆಯ ಹೊರಗೆ ತಿಕ್ಕಿ. ಕೆಸರನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಿರಿ, ಬಾವಿಕಟ್ಟೆಯ ಹತ್ತಿರ ಚೆಲ್ಲಬೇಡಿ.

ಅಸಲಿಗೆ ಹೊಸ ಬಣ್ಣಕ್ಕೆ ಬರೀ ಲೋಹ ಕಾಣುವಷ್ಟು ತೆಗೆಯಬೇಕಾದ ಅಗತ್ಯ ಹೆಚ್ಚಿನ ಸಲ ಇರುವುದೇ ಇಲ್ಲ. ಗಟ್ಟಿಯಾಗಿ ಕೂತ ಹಳೆ ಪೇಂಟೇ ಒಳ್ಳೆಯ ತಳ. 400 ನಂಬರಿನ ವಾಟರ್ ಪೇಪರ್‌ನಲ್ಲಿ ಹೊಳಪು ಹೋಗುವಷ್ಟು ಉಜ್ಜಿ, ಜಿಡ್ಡು ತೊಳೆದು, ಒಣಗಿಸಿ ಪ್ರೈಮರ್ ಹೊಡೆದರೆ ಸಾಕು. ಬರಿಯ ಸತುವಿನ ಮೇಲೆ ಎನಾಮೆಲ್ ನಿಲ್ಲುವುದೂ ಇಲ್ಲ. ಹೊಸ ಜಿಐ ಶೀಟಿಗೆ ನೇರವಾಗಿ ಹೊಡೆದ ಪೇಂಟ್ ಎರಡೇ ಮಳೆಗಾಲಕ್ಕೆ ಹಪ್ಪಳದಂತೆ ಏಳುವುದನ್ನು ನೀವೂ ನೋಡಿರುತ್ತೀರಿ, ಕಾರಣ ಅದೇ.

ಗನ್ನಿನ ತುದಿಯಲ್ಲಿ ಕಿತ್ತಳೆ ಬಣ್ಣ ಇದ್ದರೆ ಅದನ್ನು ಮಾತ್ರ ಮುಟ್ಟಬೇಡಿ. ಇದು ನಿಜವಾದ ಬಂದೂಕಲ್ಲ ಎಂದು ತಿಳಿಸುವ ಗುರುತು ಅದು, ಅಮೆರಿಕದಲ್ಲಿ 1980ರ ದಶಕದ ಕೊನೆಯಲ್ಲಿ ಕಾನೂನಾಗಿ ಬಂತು. 2014ರ ನವೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್ ನಗರದಲ್ಲಿ 12 ವರ್ಷದ ತಮೀರ್ ರೈಸ್ ಪಾರ್ಕಿನಲ್ಲಿ ಆಡುತ್ತಿದ್ದ ಏರ್‌ಸಾಫ್ಟ್ ಗನ್ನಿಗೆ ಆ ತುದಿ ಇರಲಿಲ್ಲ. ಪೊಲೀಸರು ಬಂದ ಕೆಲವೇ ಕ್ಷಣಗಳಲ್ಲಿ ಅವನಿಗೆ ಗುಂಡು ಹೊಡೆದರು. ಮರುದಿನ ಅವನು ತೀರಿಕೊಂಡ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೂ ನಕಲಿ ಬಂದೂಕಿನ ಮಾತಿದೆ. ಲೈಸೆನ್ಸ್ ಇಲ್ಲದೆ ಅದನ್ನು ನಿಜವಾದ ಬಂದೂಕಾಗಿ ಬದಲಿಸುವುದು ಅಪರಾಧ, ಬಂಧನ ತಪ್ಪಿಸಿಕೊಳ್ಳಲು ಅದನ್ನು ತೋರಿಸುವುದೂ ಅಪರಾಧ. ಬಣ್ಣ ಬದಲಿಸುವುದು ಇವೆರಡರಲ್ಲಿ ಬರುವುದಿಲ್ಲ. ಆದರೆ ಕೋವಿ ಇಟ್ಟುಕೊಂಡ ಮನೆಗಳಿರುವ ಮಲೆನಾಡಿನಲ್ಲಿ, ಮುಸ್ಸಂಜೆ ತೋಟದ ದಾರಿಯಲ್ಲಿ ಹುಡುಗನ ಕೈಯಲ್ಲಿರುವುದು ಆಟಿಕೆಯೋ ಅಸಲಿಯೋ ಎಂದು ಎದುರಿಗೆ ಬಂದವರಿಗೆ ಗೊತ್ತಾಗಲು ಆ ಒಂದಿಂಚು ಬಣ್ಣವೇ ಆಧಾರ.