ಖುಲಾಸೆಯ ಮೇಲೊಂದು ಮನವಿ

ಒಮಾನಿನ ಇಬ್ರಿಯಲ್ಲಿ ನನ್ನ ಜತೆ ಕೆಲಸ ಮಾಡುವ ಈಜಿಪ್ಟಿನ ಹಿರಿಯರೊಬ್ಬರು ಚಹಾ ಕುಡಿಯುತ್ತ ತಮ್ಮ ದೇಶದ ಒಂದು ನಿಯಮ ಹೇಳಿದರು. ಕೆಳಗಿನ ಕೋರ್ಟು ಬಿಟ್ಟವನನ್ನು ಮೇಲ್ಮನವಿಯಲ್ಲಿ ಅಪರಾಧಿ ಎನ್ನಬೇಕಾದರೆ ಪೀಠದ ನ್ಯಾಯಾಧೀಶರೆಲ್ಲ ಒಮ್ಮತಕ್ಕೆ ಬರಬೇಕು. ಒಬ್ಬರು ಒಪ್ಪದಿದ್ದರೂ ಖುಲಾಸೆ ಉಳಿಯುತ್ತದೆ. ಅವರ 1950ರ ಕಾನೂನಿನ 417ನೇ ವಿಧಿ ಅದು. ಎಂಥ ಕರುಣೆಯ ನಿಯಮ ಅನ್ನಿಸಿತು. ಹಿಂದೆಯೇ ಕಂಬಾಲಪಲ್ಲಿ ನೆನಪಾಯಿತು.

ಚಿಂತಾಮಣಿ ತಾಲ್ಲೂಕಿನ ಆ ಹಳ್ಳಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಬಿಟ್ಟಿತು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತದ್ದು ನಿಜ, ಕೊಂದವರು ಮಾತ್ರ ಯಾರೂ ಇಲ್ಲ.

ನಮ್ಮಲ್ಲಿ ಒಮ್ಮತದ ಷರತ್ತಿಲ್ಲ. ಬೇರೊಂದು ತಡೆಯಿದೆ. ಅದನ್ನು ಬಿಡಿಸಿ ಬರೆದದ್ದು ಕರ್ನಾಟಕದಿಂದಲೇ ಹೋದ ಚಂದ್ರಪ್ಪ ಪ್ರಕರಣದಲ್ಲಿ, 2007ರಲ್ಲಿ. ಹೈಕೋರ್ಟ್ ರದ್ದು ಮಾಡಿದ್ದ ಖುಲಾಸೆಯನ್ನು ಸುಪ್ರೀಂ ಕೋರ್ಟ್ ಮರಳಿ ಕೊಟ್ಟಿತು. ಮೇಲ್ಮನವಿ ಕೋರ್ಟಿಗೆ ಸಾಕ್ಷ್ಯವನ್ನೆಲ್ಲ ಹೊಸದಾಗಿ ತೂಗುವ ಪೂರ್ಣ ಅಧಿಕಾರವಿದೆ. ಆದರೆ ಆರೋಪಿ ನಿರಪರಾಧಿ ಎಂಬ ಭಾವನೆಗೆ ಖುಲಾಸೆ ಮತ್ತಷ್ಟು ಬಲ ಕೊಟ್ಟಿರುತ್ತದೆ, ಆದ್ದರಿಂದ ಅದೇ ಸಾಕ್ಷ್ಯದಿಂದ ಎರಡು ಸಮಂಜಸ ತೀರ್ಮಾನ ಹೊರಡುವಂತಿದ್ದರೆ ಖುಲಾಸೆಯನ್ನು ಕದಲಿಸಬಾರದು ಎಂದಿತು.

ಈ ತಡೆ ಬೇಕು ಎನ್ನುವವರ ಮಾತಿನಲ್ಲಿ ತೂಕವಿದೆ. ಸರ್ಕಾರಕ್ಕೆ ಪೊಲೀಸರು, ವಕೀಲರು, ಖಜಾನೆ ಎಲ್ಲ ಇದೆ. ಬಿಡುಗಡೆಯಾದವನು ಮತ್ತೆ ಹತ್ತು ವರ್ಷ ಅಲೆಯಲು ಹೊಲ ಮಾರಬೇಕು. ಸಾಕ್ಷಿಯ ಮುಖ ನೋಡಿದವರು ಕೆಳಗಿನ ನ್ಯಾಯಾಧೀಶರು. ಸಾಕ್ಷಿ ಕನ್ನಡದಲ್ಲಿ ತಡವರಿಸಿ ‘ಇದ್ದರೂ ಇರಬಹುದು ಸ್ವಾಮಿ’ ಎಂದದ್ದು ಇಂಗ್ಲಿಷಿನಲ್ಲಿ ನಡೆಯುವ ಹೈಕೋರ್ಟಿಗೆ ತಲುಪುವ ಹೊತ್ತಿಗೆ ಬರಿಯ ಕಾಗದವಾಗಿರುತ್ತದೆ. ಆ ತಡವರಿಕೆ ಅನುವಾದವಾಗುವುದಿಲ್ಲ.

ಆದರೆ ಮುಖ ನೋಡಿದವರೇ ತೀರ್ಪು ಬರೆಯುತ್ತಾರೆಯೇ? ವಿಚಾರಣೆಯ ನಡುವೆ ನ್ಯಾಯಾಧೀಶರಿಗೆ ವರ್ಗವಾದರೆ, ನಂತರ ಬಂದವರು ಹಿಂದಿನವರು ದಾಖಲಿಸಿದ ಸಾಕ್ಷ್ಯದ ಮೇಲೆಯೇ ತೀರ್ಪು ಕೊಡಲು ಕಾನೂನು ಒಪ್ಪುತ್ತದೆ. ಆಗ ಅವರೂ ಹೈಕೋರ್ಟಿನವರೂ ಓದುವುದು ಅದೇ ಕಾಗದವನ್ನೇ. ಇಂಥ ಪ್ರಕರಣದಲ್ಲೂ ಕೆಳಗಿನ ಕೋರ್ಟಿಗೆ ಅಷ್ಟೇ ಮನ್ನಣೆ ಯಾಕೆ ಎಂಬುದಕ್ಕೆ ನನಗೆ ಒಪ್ಪಿಗೆಯಾಗುವ ಉತ್ತರ ಸಿಕ್ಕಿಲ್ಲ.

ಖುಲಾಸೆಯನ್ನು ಮುಟ್ಟಲೇಬೇಕಾದ ಸಂದರ್ಭಗಳೂ ಇವೆ. ಜಯಲಲಿತಾ ಅವರ ಆಸ್ತಿ ಪ್ರಕರಣ ನೋಡಿ. 2014ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಶಿಕ್ಷೆ ಕೊಟ್ಟಿತು, 2015ರ ಮೇ 11ರಂದು ಕರ್ನಾಟಕ ಹೈಕೋರ್ಟ್ ಬಿಟ್ಟಿತು. ಬಿಟ್ಟ ಆ ತೀರ್ಪು ಲೆಕ್ಕಕ್ಕೆ ಹಿಡಿದ ಹತ್ತು ಸಾಲಗಳ ಮೊತ್ತ ಕೂಡಿದರೆ ಬರುವುದು ಸುಮಾರು 10.67 ಕೋಟಿ ರೂಪಾಯಿ. ತೀರ್ಪಿನಲ್ಲಿ ಇದ್ದದ್ದು 24.17 ಕೋಟಿ. ಕರ್ನಾಟಕ ಸರ್ಕಾರ ಮೇಲ್ಮನವಿ ಹೋಯಿತು. 2017ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟ್ ಖುಲಾಸೆಯನ್ನು ರದ್ದು ಮಾಡಿತು. ಅಷ್ಟರಲ್ಲಿ ಜಯಲಲಿತಾ ತೀರಿಕೊಂಡಿದ್ದರು, ಸಹ ಆರೋಪಿ ಶಶಿಕಲಾ ಪರಪ್ಪನ ಅಗ್ರಹಾರ ಜೈಲಿಗೆ ಹೋದರು. ಕೂಡುವ ಲೆಕ್ಕಕ್ಕೆ ಎರಡು ಸಮಂಜಸ ಉತ್ತರ ಇರಲು ಸಾಧ್ಯವಿಲ್ಲ. ಅಲ್ಲಿ ತಡೆ ಅಡ್ಡ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ನೊಂದವರ ಪಾಲಿಗೂ ಬಾಗಿಲು ತೆರೆದಿದೆ. 2009ರ ಕೊನೆಯಿಂದ ಸಂತ್ರಸ್ತರೇ ಮೇಲ್ಮನವಿ ಹಾಕಬಹುದು. ಅದಕ್ಕೆ ಹೈಕೋರ್ಟಿನ ಮುಂಗಡ ಅನುಮತಿ ಬೇಡ ಎಂದು 2018ರಲ್ಲಿ ತೀರ್ಮಾನವಾದದ್ದೂ ಕರ್ನಾಟಕದ್ದೇ ಮೊಕದ್ದಮೆಯಲ್ಲಿ, ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ. ಸರ್ಕಾರ ಸುಮ್ಮನಿದ್ದರೂ ಮನೆಯವರು ಸುಮ್ಮನಿರಬೇಕಿಲ್ಲ ಎಂಬುದು ದೊಡ್ಡ ಮಾತು.

ನನಗೆ ತೋರುವುದು ಇಷ್ಟು: ಚಂದ್ರಪ್ಪ ಪ್ರಕರಣದ ತಡೆ ಉಳಿಯಲಿ. ಆದರೆ ಅದರ ರಕ್ಷಣೆ ಸಾಕ್ಷ್ಯವನ್ನು ನಿಜವಾಗಿ ತೂಗಿದ ತೀರ್ಪಿಗೆ ಸಿಗಬೇಕು, ಮುಖ್ಯ ಸಾಕ್ಷ್ಯವನ್ನು ನೋಡದೆಯೇ ದಾಟಿಹೋದ ತೀರ್ಪಿಗಲ್ಲ. ಕಂಬಾಲಪಲ್ಲಿಗೆ ಇದೂ ಉತ್ತರವಲ್ಲ. ಸಾಕ್ಷಿಗಳೇ ಬಾಯಿ ಬಿಡದಿದ್ದಾಗ ಎಷ್ಟು ಸಡಿಲ ನಿಯಮವಿದ್ದರೂ ಹೈಕೋರ್ಟ್ ಯಾವುದರ ಮೇಲೆ ಶಿಕ್ಷೆ ಕೊಟ್ಟೀತು? ಸಾಕ್ಷಿಗಳ ರಕ್ಷಣೆಗೆ ದೇಶಕ್ಕೆಲ್ಲ ಅನ್ವಯಿಸುವ ಯೋಜನೆಗೆ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟದ್ದು 2018ರ ಡಿಸೆಂಬರಿನಲ್ಲಿ. ಆ ಬೆಂಕಿ ಹತ್ತಿ ಆಗಲೇ ಹದಿನೆಂಟು ವರ್ಷ ದಾಟಿತ್ತು.